ಗ್ರೂಪ್ ಅಡ್ಮಿನ್‌ಗಳೇ, ಆ ಸಂದೇಶ ಓದುವವರಲ್ಲಿ ರೋಗಿಯೂ ಇದ್ದಾರೆ

ಕುಟುಂಬ, ಬಡಾವಣೆ, ಹಳೆ ವಿದ್ಯಾರ್ಥಿಗಳು, ಸ್ವಸಹಾಯ ಸಂಘ, ಭಜನಾ ಮಂಡಳಿ, ಬೆಳೆಗಾರರ ಬಳಗ ಹೀಗೆ ನಾನಾ ಹೆಸರಿನಲ್ಲಿ ನಡೆಯುತ್ತಿರುವ ಕನ್ನಡದ ವಾಟ್ಸ್‌ಆ್ಯಪ್ ಗ್ರೂಪ್‌ಗಳ ಅಡ್ಮಿನ್‌ಗಳಿಗೆ,



ತೆಂಗಿನಕಾಯಿಯ ಎರಡು ಮೂರು ತೆಳು ಹೋಳುಗಳನ್ನು ಲೋಟಕ್ಕೆ ಹಾಕಿ, ಮೇಲೆ ಬಿಸಿನೀರು ಸುರಿದು ದಿನಾ ಕುಡಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಎಂಬ ಸಂದೇಶ ನಿಮ್ಮ ಗ್ರೂಪಿಗೂ ಬಂದಿರುತ್ತದೆ. ಅದರೊಂದಿಗೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು, ಅಲ್ಲಿನ ನಿರ್ದೇಶಕರಾಗಿದ್ದ ಡಾ. ರಾಜೇಂದ್ರ ಬಡ್ವೆ ಅವರ ಹೆಸರು. ಬಡ್ವೆ ಅವರು ಹಾಗೆ ಹೇಳಿಯೇ ಇರಲಿಲ್ಲ. ಇದು ಸುಳ್ಳು, ನಂಬಬೇಡಿ ಎಂದು 2019ರಲ್ಲಿ ಆಸ್ಪತ್ರೆಯೇ ಪ್ರಕಟಣೆ ಹೊರಡಿಸಬೇಕಾಯಿತು. ತೆಂಗಿನಕಾಯಿಗೂ ಮೊದಲು ಇದೇ ಸಂದೇಶದಲ್ಲಿ ನಿಂಬೆಹಣ್ಣು ಇತ್ತು, ಹೇಳಿದವರು ಬೀಜಿಂಗ್‌ನ ಸೇನಾ ಆಸ್ಪತ್ರೆಯ ಪ್ರೊಫೆಸರ್ ಎಂದಿತ್ತು. ಆಮೇಲೆ ಅನಾನಸ್ ಬಂತು, ಹೇಳಿದವರು ‘ಐಸಿಬಿಎಸ್ ಜನರಲ್ ಆಸ್ಪತ್ರೆ’ಯ ವೈದ್ಯರಾದರು. ಹಣ್ಣು ಬದಲಾಯಿತು, ಊರು ಬದಲಾಯಿತು, ಡಾಕ್ಟರೂ ಬದಲಾದರು. ಬದಲಾಗದೆ ಉಳಿದದ್ದು ಒಂದು ಕೋರಿಕೆ: ಇದನ್ನು ಓದಿದ ಪ್ರತಿಯೊಬ್ಬರೂ ಹತ್ತು ಜನರಿಗೆ ಕಳಿಸಿದರೆ ಕನಿಷ್ಠ ಒಂದು ಜೀವವಾದರೂ ಉಳಿಯುತ್ತದೆ.

ಈ ಪತ್ರ ನಿಮಗೇ ಬರೆಯಲು ಆ ಕೋರಿಕೆಯೇ ಕಾರಣ. ಸಂದೇಶ ಕಳಿಸುವವರು ಕೆಟ್ಟವರಲ್ಲ. ಬೆಳಗಿನ ಕಾಫಿ ಮುಗಿಸಿ ಮೊಬೈಲು ತೆರೆದ ದೊಡ್ಡಪ್ಪ, ಗೆಳತಿಯ ಕಾಯಿಲೆಯ ಸುದ್ದಿ ಕೇಳಿ ಕಂಗಾಲಾದ ಅತ್ತಿಗೆ, ನಿವೃತ್ತ ಮೇಷ್ಟ್ರು, ಇವರೆಲ್ಲ ಒಂದು ಜೀವ ಉಳಿಯಲಿ ಎಂದೇ ಕಳಿಸುತ್ತಾರೆ. ಅವರನ್ನು ತಡೆಯಲು ಸರ್ಕಾರಕ್ಕಾಗಲಿ, ಪತ್ರಿಕೆಗಾಗಲಿ, ಡಾಕ್ಟರಿಗಾಗಲಿ ಆಗುವುದಿಲ್ಲ. ಸಂದೇಶ ಹರಿಯುವ ಮನೆಯೊಳಗೆ ಅವರಾರೂ ಇಲ್ಲ. ನೀವು ಇದ್ದೀರಿ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗಾಗಿ ಇಲ್ಲಿ ಕಾನೂನಿನ ಬೆದರಿಕೆಯ ಮಾತಿಲ್ಲ. ಇರುವುದು ಒಂದು ಲೆಕ್ಕ ಮಾತ್ರ. ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ವಿಭಾಗ ಅಂದಾಜಿಸಿದೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಹೊಸ ರೋಗಿಗಳು, 9 ಲಕ್ಷಕ್ಕೂ ಹೆಚ್ಚು ಸಾವು. ನೂರಿನ್ನೂರು ಜನರ ಗ್ರೂಪಿನಲ್ಲಿ ಈಗಾಗಲೇ ಕೀಮೋ ಪಡೆಯುತ್ತಿರುವವರೋ, ಎದೆಯಲ್ಲಿ ಗಂಟು ಸಿಕ್ಕಿ ಯಾರಿಗೂ ಹೇಳದೆ ಕುಳಿತವರೋ, ತಾಯಿಯ ಬಯಾಪ್ಸಿ ರಿಪೋರ್ಟಿಗೆ ಕಾಯುತ್ತಿರುವವರೋ ಇದ್ದೇ ಇರುತ್ತಾರೆ. ಅವರು ಎಮೋಜಿ ಹಾಕುವುದಿಲ್ಲ, ಉತ್ತರಿಸುವುದಿಲ್ಲ. ಓದುತ್ತಾರೆ.

ಈಗ ಇನ್ನೊಂದು ಸಂದೇಶವನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ಇಮಿಟಿನೆಫ್ ಮರ್ಸಿಲೆಟ್’ ಎಂಬ ಔಷಧದಿಂದ ರಕ್ತದ ಕ್ಯಾನ್ಸರ್ ಗುಣವಾಗುತ್ತದೆ, ಅದು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ದಯವಿಟ್ಟು ಎಲ್ಲರಿಗೂ ತಿಳಿಸಿ ಎಂಬ ಈ ಸಾಲುಗಳು ವರ್ಷಗಟ್ಟಲೆ ತಿರುಗುತ್ತಿವೆ. ಆ ಸಂಸ್ಥೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1954ರಲ್ಲಿ ಕಟ್ಟಿದ್ದು, ಡಾ. ವಿ. ಶಾಂತಾ ಅವರು ಬದುಕನ್ನೇ ಮುಡಿಪಿಟ್ಟು ಬೆಳೆಸಿದ್ದು. ಸಂದೇಶದಲ್ಲಿರುವುದು ನಿಜವಲ್ಲ ಎಂದು ಸಂಸ್ಥೆಯೇ ಸ್ಪಷ್ಟಪಡಿಸಿದೆ. ಆ ಹೆಸರಿನ ಔಷಧವೇ ಇಲ್ಲ.

ಆದರೆ ಅದಕ್ಕೆ ಹತ್ತಿರದ ಹೆಸರಿನ ಔಷಧ ಒಂದಿದೆ: ಇಮಾಟಿನಿಬ್ ಮೆಸಿಲೇಟ್. ಅದರ ನಿಜವಾದ ಕಥೆ ಯಾವ ಫಾರ್ವರ್ಡಿಗಿಂತಲೂ ದೊಡ್ಡದು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಬ್ಬರು ಸಂಶೋಧಕರು, ಸಿಎಂಎಲ್ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದ್ದವರ ಕೋಶಗಳಲ್ಲಿ ಅಸಹಜವಾಗಿ ಗಿಡ್ಡಗಾದ ಕ್ರೋಮೊಸೋಮ್ ಒಂದನ್ನು ಕಂಡರು. ಎರಡು ಕ್ರೋಮೊಸೋಮ್‌ಗಳ ತುದಿಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಂಡಾಗ ಹುಟ್ಟುವ ಒಂದು ಪ್ರೋಟೀನು ಈ ರೋಗವನ್ನು ನಡೆಸುತ್ತದೆ ಎಂಬುದನ್ನು ಅರಿಯಲು ಇನ್ನೂ ಎರಡು ಮೂರು ದಶಕ ಹಿಡಿಯಿತು. ಆ ಪ್ರೋಟೀನಿನ ಕೆಲಸವನ್ನಷ್ಟೇ ನಿಲ್ಲಿಸುವ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಕೆಲವೇ ವರ್ಷಗಳಲ್ಲಿ ಪ್ರಾಣ ಕೊಂಡೊಯ್ಯುತ್ತಿದ್ದ ಸಿಎಂಎಲ್, ಇಂದು ದಿನಕ್ಕೊಂದು ಮಾತ್ರೆ ನುಂಗಿ ಬಿಪಿ, ಶುಗರ್‌ನಂತೆ ನಿಭಾಯಿಸುವ ಕಾಯಿಲೆಯಾಗಿದೆ. ಭಾರತದಲ್ಲಿ ಮೂಲ ಕಂಪನಿ ನೊವಾರ್ಟಿಸ್‌ನ ಔಷಧಕ್ಕೆ ತಿಂಗಳಿಗೆ ಒಂದು ಲಕ್ಷ ರೂಪಾಯಿಗೂ ಹೆಚ್ಚು ಬೇಕಿತ್ತು. ಇಲ್ಲಿನ ಕಂಪನಿಗಳು ತಯಾರಿಸಿದ ಜೆನೆರಿಕ್ ಅದರ ಹತ್ತನೇ ಒಂದು ಪಾಲಿನ ಬೆಲೆಗೆ ಸಿಕ್ಕಿತು. ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಆ ಅಗ್ಗದ ಮಾತ್ರೆ ಬಡವರ ಕೈತಪ್ಪಲಿಲ್ಲ.

ಹಾಗಾದರೆ ಸಂದೇಶದಿಂದ ಏನು ತೊಂದರೆ ಎಂದು ಕೇಳಬಹುದು. ಇಮಾಟಿನಿಬ್ ಕೆಲಸ ಮಾಡುವುದು ಸಿಎಂಎಲ್‌ಗೆ ಮತ್ತು ಅದೇ ಬಗೆಯ ದೋಷವಿರುವ ಇನ್ನು ಕೆಲವು ಕ್ಯಾನ್ಸರ್‌ಗಳಿಗೆ. ರಕ್ತದ ಕ್ಯಾನ್ಸರ್ ಎಂಬ ಒಂದೇ ಮಾತಿನಡಿ ಬರುವ ಕಾಯಿಲೆಗಳು ಹತ್ತಾರು. ಮಕ್ಕಳಿಗೆ ಹೆಚ್ಚಾಗಿ ಬರುವ ಅಕ್ಯೂಟ್ ಲುಕೇಮಿಯಾದಲ್ಲಿ ವಾರಗಳೂ ಅಮೂಲ್ಯ. ಅಂಥ ಮಗುವಿನ ತಂದೆ ಇಲ್ಲದ ಔಷಧದ ಹೆಸರು ಬರೆದುಕೊಂಡು ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋದರೆ, ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಅಂದೇ ಶುರುವಾಗಬಹುದಾಗಿದ್ದ ಚಿಕಿತ್ಸೆ ಅಷ್ಟು ದಿನ ಹಿಂದಕ್ಕೆ ಬೀಳುತ್ತದೆ. ಕ್ಯಾನ್ಸರ್ ಸುಳ್ಳುಗಳ ನಿಜವಾದ ಅಪಾಯ ಇಲ್ಲಿದೆ. ತೆಂಗಿನ ಬಿಸಿನೀರು ಯಾರನ್ನೂ ಕೊಲ್ಲುವುದಿಲ್ಲ. ಅದನ್ನು ನಂಬಿ ಕಳೆದ ಎರಡು ತಿಂಗಳಲ್ಲಿ ಆಪರೇಷನ್ನಿಗೆ ಸಿಗುತ್ತಿದ್ದ ಗಡ್ಡೆ ಸಿಗದಷ್ಟು ದೂರ ಹೋಗುತ್ತದೆ.

ಈ ದೂರವನ್ನು ಅಳೆದವರಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ತನ, ಕರುಳು, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 281 ಜನರ ದಾಖಲೆ ತೆಗೆದರು. ಎಲ್ಲರ ರೋಗವೂ ದೂರದ ಅಂಗಗಳಿಗೆ ಹರಡುವ ಮೊದಲೇ ಗೊತ್ತಾಗಿತ್ತು. ಎಲ್ಲರೂ ಆಪರೇಷನ್, ಕೀಮೋ, ರೇಡಿಯೇಶನ್ ಬಿಟ್ಟು ಪರ್ಯಾಯ ಮದ್ದನ್ನಷ್ಟೇ ನೆಚ್ಚಿದವರು. ಅವರನ್ನು ಅಂಥದೇ ರೋಗಕ್ಕೆ ಆಸ್ಪತ್ರೆ ಚಿಕಿತ್ಸೆ ಪಡೆದ 560 ಜನರೊಂದಿಗೆ ಹೋಲಿಸಿದರು. ಪರ್ಯಾಯ ಮದ್ದಿನವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟನ್ನೂ ಮೀರಿತ್ತು. ಕರುಳಿನ ಕ್ಯಾನ್ಸರಿನಲ್ಲಿ ಐದು ವರ್ಷದ ನಂತರ ಬದುಕಿದ್ದವರು ಪರ್ಯಾಯ ಮದ್ದಿನ ಕಡೆ ನೂರಕ್ಕೆ 33, ಆಸ್ಪತ್ರೆ ಚಿಕಿತ್ಸೆಯ ಕಡೆ ನೂರಕ್ಕೆ 79. ಪರ್ಯಾಯದ ದಾರಿ ಹಿಡಿದವರಲ್ಲಿ ಓದಿದವರು, ಅನುಕೂಲಸ್ಥರು ಹೆಚ್ಚಿದ್ದರು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ನಮ್ಮ ಗ್ರೂಪಿನಲ್ಲಿ ಎಲ್ಲರೂ ವಿದ್ಯಾವಂತರು, ಯಾರೂ ನಂಬುವುದಿಲ್ಲ ಎಂದು ಅಡ್ಮಿನ್ ನಿಶ್ಚಿಂತೆಯಿಂದ ಇರುವಂತಿಲ್ಲ.

ಲಕ್ಷ್ಮಣ ಫಲದ ವಿಷಯಕ್ಕೆ ಬರೋಣ. ಅದರ ಹಣ್ಣು, ಎಲೆ, ಒಣಪುಡಿ ಎಲ್ಲವೂ ಕರ್ನಾಟಕದ ಗ್ರೂಪ್‌ಗಳಲ್ಲಿ ‘ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ’ ಎಂಬ ಮಾತಿನೊಂದಿಗೆ ಓಡಾಡಿವೆ. ನರ್ಸರಿಗಳಲ್ಲಿ ಸಸಿಗೆ, ರಸ್ತೆಬದಿಯಲ್ಲಿ ಹಣ್ಣಿಗೆ ಬೇಡಿಕೆ ಏರಿದ್ದರ ಹಿಂದೆ ಈ ಮಾತೇ ಇದೆ. 10,000 ಎಂಬ ಸಂಖ್ಯೆ ಯಾರೋ ಕಟ್ಟಿದ್ದಲ್ಲ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಗಿಡದ ಬೀಜದಿಂದ ಬೇರ್ಪಡಿಸಿದ ಒಂದು ರಾಸಾಯನಿಕ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ ಅಷ್ಟು ಪಟ್ಟು ತೀವ್ರವಾಗಿ ಕೆಲಸ ಮಾಡಿತು ಎಂದು ವರದಿ ಮಾಡಿದ್ದರು. ಬೀಜ, ಬೇರ್ಪಡಿಸಿದ ಒಂದು ಅಣು, ಗಾಜಿನ ತಟ್ಟೆ, ಒಂದೇ ಬಗೆಯ ಕೋಶ. ಸಂದೇಶಕ್ಕೆ ಬರುವಷ್ಟರಲ್ಲಿ ಇವು ನಾಲ್ಕೂ ಉದುರಿಹೋಗಿ, ಹಣ್ಣು ತಿಂದರೆ ಎಲ್ಲ ಕ್ಯಾನ್ಸರ್ ವಾಸಿ ಎಂದಾಯಿತು.

ತಟ್ಟೆಯಲ್ಲಿರುವ ಕೋಶವನ್ನು ಕೊಲ್ಲುವುದು ಸುಲಭ. ಉಪ್ಪು, ಆಮ್ಲ, ಸಾಬೂನು, ಯಾವುದನ್ನು ಸುರಿದರೂ ಅದು ಸಾಯುತ್ತದೆ. ಮನುಷ್ಯನ ಮೈಯಲ್ಲಿ ಅದೇ ವಸ್ತು ಹೊಟ್ಟೆಯ ಆಮ್ಲ ದಾಟಿ, ಯಕೃತ್ತಿನಲ್ಲಿ ಒಡೆಯದೆ ಉಳಿದು, ಗಡ್ಡೆಯನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪಬೇಕು. ಹೃದಯ, ನರ, ಮೂತ್ರಪಿಂಡಗಳಿಗೆ ಪೆಟ್ಟು ಕೊಡಬಾರದು. ಲಕ್ಷ್ಮಣ ಫಲದಲ್ಲಿರುವ ಅನೋನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ವಿಷ. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಹಣ್ಣನ್ನು, ಎಲೆಯ ಕಷಾಯವನ್ನು ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ ಲಕ್ಷಣಗಳು ಹೆಚ್ಚಾಗಿವೆ ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಅಪರೂಪಕ್ಕೊಂದು ಹಣ್ಣು ತಿಂದವರು ಹೆದರಬೇಕಿಲ್ಲ. ದಿನವೂ ಕಷಾಯ ಕುದಿಸಿಕೊಡುವ ಮನೆಯವರಿಗೆ ಇದು ತಿಳಿದಿರಲೇಬೇಕು.

ಗಿಡಮೂಲಿಕೆಯ ಬಗ್ಗೆ ಡಾಕ್ಟರುಗಳಿಗೆ ತಾತ್ಸಾರ ಎಂಬ ಮಾತು ಈ ಹೊತ್ತಿಗೆ ಗ್ರೂಪಿನಲ್ಲಿ ಖಂಡಿತ ಬರುತ್ತದೆ. ಕ್ಯಾನ್ಸರ್ ವಾರ್ಡಿನ ಔಷಧಗಳ ಪಟ್ಟಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ನಮ್ಮ ಅಂಗಳದಲ್ಲಿ, ದೇವಸ್ಥಾನದ ಬೇಲಿಯಲ್ಲಿ ಬೆಳೆಯುವ ನಿತ್ಯಪುಷ್ಪ, ಕೆಲವೆಡೆ ಕಾಶಿಕಣಗಿಲೆ ಎನ್ನುತ್ತಾರೆ, ಅದರಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಮಹತ್ವದ ಔಷಧಗಳು ಬಂದಿವೆ. ಮಕ್ಕಳ ಲುಕೇಮಿಯಾದಲ್ಲಿ ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆ ಹೆಚ್ಚಿನ ಮಕ್ಕಳು ಬದುಕುತ್ತಾರಲ್ಲ, ಅದರಲ್ಲಿ ವಿನ್‌ಕ್ರಿಸ್ಟಿನ್‌ಗೂ ಪಾಲಿದೆ. ಆದರೆ ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಬೇರ್ಪಡಿಸಿದ ಔಷಧ ಎಷ್ಟು ತೀಕ್ಷ್ಣವೆಂದರೆ ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ. ಅದರ ಎಲೆ ಜಜ್ಜಿ ರಸ ಕುಡಿಯಿರಿ ಎನ್ನುವ ಸಂದೇಶಕ್ಕೆ ಈ ಎರಡು ಸಂಗತಿಗಳೂ ಗೊತ್ತಿಲ್ಲ.

ಪಶ್ಚಿಮ ಘಟ್ಟದ ದುರ್ವಾಸನೆ ಮರದ ಕಥೆ ಇನ್ನೂ ಕಣ್ಣು ತೆರೆಸುವಂಥದು. ಆ ಮರದಲ್ಲಿ ಸಿಗುವ ಕ್ಯಾಂಪ್ಟೊಥೆಸಿನ್ ಅನ್ನು ಮೊದಲು ಒಂದು ಚೀನೀ ಮರದಿಂದ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ. ಕ್ಯಾನ್ಸರ್ ಕೋಶಗಳ ಮೇಲೆ ಅದರ ಪರಿಣಾಮ ಅದ್ಭುತವಾಗಿತ್ತು. ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಸುರಿಯಿತು, ಎಪ್ಪತ್ತರ ದಶಕದಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಆ ಅಣುವನ್ನು ತಿದ್ದಿ ತೀಡಿ ಮೈಗೆ ತಾಳುವಂತೆ ಮಾಡಿದ ಇರಿನೊಟೆಕಾನ್, ಟೊಪೊಟೆಕಾನ್ ಎಂಬ ಔಷಧಗಳು ಅಮೆರಿಕದಲ್ಲಿ ಬಳಕೆಗೆ ಬಂದದ್ದು 1996ರಲ್ಲಿ. ಮೂವತ್ತು ವರ್ಷ ಹಿಡಿಯಿತು. ನಿಸರ್ಗದಲ್ಲಿ ಮದ್ದಿದೆ ಎಂಬುದು ನಿಜ. ಅದನ್ನು ಮದ್ದಾಗಿಸಲು ಇಷ್ಟು ದುಡಿಮೆ ಬೇಕು.

‘ಸಹಜವಾದದ್ದು, ತೊಂದರೆಯಂತೂ ಇಲ್ಲ’ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದರು. ಅನೇಕ ಕೀಮೋ ಔಷಧಗಳನ್ನು ಮೈ ಅರಗಿಸುವುದು ಯಕೃತ್ತಿನಲ್ಲೇ. ರೋಗಿ ಮನೆಯಲ್ಲಿ ಏನೇನು ಕುಡಿಯುತ್ತಿದ್ದಾರೆ ಎಂಬುದನ್ನು ಆಂಕಾಲಜಿಸ್ಟರಿಗೆ ಹೇಳಲೇಬೇಕು. ಬಯ್ಯುತ್ತಾರೆ ಎಂಬ ಭಯಕ್ಕೆ ಮುಚ್ಚಿಡುವವರು ಬಹಳ.

ದೊಡ್ಡ ಹೆಸರುಗಳು ಹೇಳಿದ್ದೂ ಹೀಗೆಯೇ ಹರಡುತ್ತದೆ. 2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ, ರಾಜಕಾರಣಿ ನವಜೋತ್ ಸಿಂಗ್ ಸಿಧು ಪತ್ರಿಕಾಗೋಷ್ಠಿ ನಡೆಸಿ, ನಾಲ್ಕನೇ ಹಂತದಲ್ಲಿದ್ದ ತಮ್ಮ ಪತ್ನಿಯ ಕ್ಯಾನ್ಸರ್ ವಾಸಿಯಾದದ್ದರಲ್ಲಿ ನಿಂಬೆನೀರು, ಹಸಿ ಅರಿಶಿನ, ಬೇವಿನ ಎಲೆ, ತುಳಸಿ, ಉಪವಾಸ, ಸಕ್ಕರೆ ಮತ್ತು ಹಾಲು ಬಿಟ್ಟದ್ದರ ಪಾತ್ರವನ್ನು ವಿವರಿಸಿದರು. ವಿಡಿಯೊ ಕಾಡ್ಗಿಚ್ಚಿನಂತೆ ಹಬ್ಬಿತು. ಟಾಟಾ ಸ್ಮಾರಕದ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ ಹೇಳಿಕೆ ಕೊಟ್ಟರು: ಈ ಆಹಾರಗಳಿಂದ ಕ್ಯಾನ್ಸರ್ ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಇದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ. ಸಿಧು ಅವರ ಪತ್ನಿಗೆ ಆಪರೇಷನ್ನೂ ಆಗಿತ್ತು, ಕೀಮೋವೂ ಆಗಿತ್ತು. ಆಹಾರಕ್ರಮವನ್ನು ಡಾಕ್ಟರ ಸಲಹೆಯೊಂದಿಗೆ, ಚಿಕಿತ್ಸೆಗೆ ನೆರವಾಗಿ ಅನುಸರಿಸಿದ್ದೆಂದು ಸಿಧು ಕೆಲವೇ ದಿನಗಳಲ್ಲಿ ಸ್ಪಷ್ಟನೆ ಕೊಟ್ಟರು. ಗೋಮೂತ್ರದಿಂದ ತಮ್ಮ ಸ್ತನ ಕ್ಯಾನ್ಸರ್ ವಾಸಿಯಾಯಿತು ಎಂದು 2019ರಲ್ಲಿ ರಾಜಕಾರಣಿ ಪ್ರಜ್ಞಾ ಸಿಂಗ್ ಠಾಕೂರ್ ಹೇಳಿದಾಗಲೂ, ಅವರಿಗೆ ಮೂರು ಬಾರಿ ಆಪರೇಷನ್ ಮಾಡಿದ್ದಾಗಿ ಲಖನೌದ ಶಸ್ತ್ರಚಿಕಿತ್ಸಕರೊಬ್ಬರು ಮುಂದೆ ಬಂದು ಹೇಳಿದರು. ಪಕ್ಷ ಯಾವುದಾದರೂ ಇರಲಿ, ಕಥೆಯಲ್ಲಿ ಮರೆಯಾಗುವುದು ಆಪರೇಷನ್ನು, ಉಳಿಯುವುದು ಅರಿಶಿನ. ಸ್ಪಷ್ಟನೆಯಂತೂ ವಿಡಿಯೊ ತಲುಪಿದ ಮನೆಗಳ ಕಾಲುಭಾಗಕ್ಕೂ ತಲುಪಿದಂತೆ ಕಾಣುವುದಿಲ್ಲ.

ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಎಂಬಾಕೆಗಂತೂ ಕ್ಯಾನ್ಸರೇ ಇರಲಿಲ್ಲ. ಮಿದುಳಿನ ಕ್ಯಾನ್ಸರನ್ನು ಆಹಾರದಿಂದ ನಿಭಾಯಿಸುತ್ತಿದ್ದೇನೆ ಎಂದು ಆ್ಯಪ್, ಪುಸ್ತಕ ಮಾರಿದ ಆಕೆ 2015ರಲ್ಲಿ ಎಲ್ಲವೂ ಸುಳ್ಳೆಂದು ಒಪ್ಪಿದಳು. 2017ರಲ್ಲಿ ನ್ಯಾಯಾಲಯ 4,10,000 ಡಾಲರ್ ದಂಡ ಹಾಕಿತು. ಆಕೆಯ ಮಾತು ನಂಬಿದ ನಿಜವಾದ ರೋಗಿಗಳಿಗೆ ಆ ದಂಡದಿಂದ ಕಳೆದುಹೋದ ಕಾಲ ಮರಳಲಿಲ್ಲ.

ಇನ್ನು ಸಕ್ಕರೆ ಮತ್ತು ಕ್ಷಾರದ ಮಾತು. ‘ಕ್ಷಾರೀಯ ದೇಹದಲ್ಲಿ ಕ್ಯಾನ್ಸರ್ ಬದುಕದು, ಇದನ್ನು ಕಂಡುಹಿಡಿದದ್ದಕ್ಕೇ ಒಟ್ಟೊ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು’ ಎಂಬ ಸಂದೇಶ ನೋಡಿರುತ್ತೀರಿ. ವಾರ್‌ಬರ್ಗ್‌ಗೆ ನೊಬೆಲ್ ಬಂದದ್ದು ಜೀವಕೋಶಗಳ ಉಸಿರಾಟದ ಕಿಣ್ವದ ಮೇಲಿನ ಕೆಲಸಕ್ಕೆ. ಕ್ಯಾನ್ಸರ್ ಕೋಶಗಳು ಹೆಚ್ಚು ಗ್ಲೂಕೋಸ್ ಎಳೆದುಕೊಳ್ಳುತ್ತವೆ ಎಂಬುದನ್ನು ಅವರು ಕಂಡದ್ದು ನಿಜ, ಪೆಟ್ ಸ್ಕ್ಯಾನ್ ನಡೆಯುವುದೇ ಆ ಗುಣದ ಮೇಲೆ. ಆದರೆ ಊಟದಲ್ಲಿ ಸಕ್ಕರೆ ನಿಲ್ಲಿಸಿದ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ಯಕೃತ್ತು ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತದ ಪಿಎಚ್ ಕೂಡ 7.35ರಿಂದ 7.45ರ ನಡುವೆಯೇ ಇರುವಂತೆ ಶ್ವಾಸಕೋಶ, ಮೂತ್ರಪಿಂಡಗಳು ಕಾಯುತ್ತವೆ. ನಿಂಬೆನೀರು ಅದನ್ನು ಕದಲಿಸಲಾರದು. ಅದು ನಿಜಕ್ಕೂ ಕದಲಿದರೆ ರೋಗಿಯನ್ನು ಐಸಿಯುಗೆ ಸೇರಿಸಬೇಕಾಗುತ್ತದೆ.

ಬೊಜ್ಜಿನಿಂದ ಹಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ, ಆರೋಗ್ಯವಂತರು ಸಕ್ಕರೆ ಕಡಿಮೆ ಮಾಡಿದರೆ ಒಳ್ಳೆಯದೇ. ಕೀಮೋದಲ್ಲಿರುವವರ ಮಾತು ಬೇರೆ. ಬಾಯಿ ಹುಣ್ಣು, ವಾಕರಿಕೆ, ಏನೂ ರುಚಿಸದ ನಾಲಿಗೆಯ ನಡುವೆ ಅವರು ಎರಡು ತುತ್ತು ಅನ್ನ, ಒಂದು ಲೋಟ ಹಾಲು ಇಳಿಸಿದರೆ ಅದೇ ದೊಡ್ಡದು. ತೂಕ ಇಳಿದರೆ, ರಕ್ತದ ಎಣಿಕೆ ಕುಸಿದರೆ ಮುಂದಿನ ಕೀಮೋ ಮುಂದಕ್ಕೆ ಹೋಗುತ್ತದೆ. ಅಂಥವರ ಮುಂದಿನಿಂದ ಹಾಲು, ಅನ್ನ, ಬೆಲ್ಲ ಎಲ್ಲವನ್ನೂ ಒಂದು ವಿಡಿಯೊ ನಂಬಿ ಎತ್ತಿಬಿಡುವುದು ಕ್ರೂರ.

‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಮಾತು ಊರಿಂದೂರಿಗೆ ವಾಟ್ಸ್‌ಆ್ಯಪ್‌ಗೂ ಮೊದಲೇ ನಡೆದು ಬಂದದ್ದು. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯದು, ಬಗೆ ತಿಳಿಯದೆ ಚಿಕಿತ್ಸೆ ನಿರ್ಧಾರವಾಗದು. ಮೇಯೊ ಕ್ಲಿನಿಕ್‌ನ ವೈದ್ಯರು ಎರಡು ಸಾವಿರಕ್ಕೂ ಹೆಚ್ಚು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಂತೆ, ಸೂಜಿ ಪರೀಕ್ಷೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಬೇಗ ಸಾಯಲಿಲ್ಲ. ವೃಷಣದಂಥ ಕೆಲವೇ ಕಡೆ ಡಾಕ್ಟರುಗಳೇ ಸೂಜಿ ಹಾಕುವುದಿಲ್ಲ. ಎಲ್ಲಿ ಹಾಕಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ.

ಸಾಗರ ತಾಲ್ಲೂಕಿನ ನರಸೀಪುರದ ಹೆಸರು ತೆಗೆಯದೆ ಈ ಪತ್ರ ಪ್ರಾಮಾಣಿಕವಾಗದು. ಅಲ್ಲಿನ ನಾಟಿ ವೈದ್ಯರೊಬ್ಬರು ಕ್ಯಾನ್ಸರಿಗೆಂದು ವಾರದಲ್ಲಿ ಎರಡು ದಿನ ಕೊಡುತ್ತಿದ್ದ ಮರದ ಚಕ್ಕೆಗಾಗಿ ದೇಶದ ಮೂಲೆಮೂಲೆಗಳಿಂದ ಜನ ಬಂದು ರಾತ್ರಿಯೇ ಸಾಲು ಹಚ್ಚುತ್ತಿದ್ದರು. ಆ ವೈದ್ಯರು 2020ರಲ್ಲಿ ತೀರಿಕೊಂಡರು. ಆ ಸಾಲಿನಲ್ಲಿ ನಿಂತವರನ್ನು ಮೂರ್ಖರೆನ್ನಲು ಯಾರಿಗೂ ಅಧಿಕಾರವಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಇನ್ನು ಏನೂ ಮಾಡಲಾಗದು ಎಂದು ಕೇಳಿಸಿಕೊಂಡು ಬಂದವರು, ಹಣ ಮುಗಿದು ಬಂದವರು, ಎರಡು ನಿಮಿಷ ಮುಖ ನೋಡಿ ಮಾತಾಡುವವರನ್ನು ಹುಡುಕಿ ಬಂದವರು ಅಲ್ಲಿದ್ದರು. ಕೇಳಬೇಕಾದ ಪ್ರಶ್ನೆ ಬೇರೆ. ವಾಸಿಯಾಯಿತು ಎಂದು ಮರಳಿ ಬಂದು ಹೇಳಿದವರು ನಮಗೆ ಕಾಣುತ್ತಾರೆ, ಅವರ ಮಾತೇ ಸಂದೇಶವಾಗುತ್ತದೆ. ಮರಳಿ ಬಾರದವರು ಎಷ್ಟು ಜನ? ವಾಸಿಯಾದವರು ಅದಕ್ಕೂ ಮೊದಲು ಎಷ್ಟು ಕೀಮೋ, ಎಷ್ಟು ರೇಡಿಯೇಶನ್ ಪಡೆದಿದ್ದರು? ಎಲ್ಲರನ್ನೂ ಎಣಿಸಿ, ಮೊದಲೂ ಆಮೇಲೂ ಸ್ಕ್ಯಾನ್ ಮಾಡಿ, ಐದು ವರ್ಷ ಹಿಂಬಾಲಿಸದೆ ಯಾವ ಮದ್ದನ್ನೂ ಮದ್ದು ಎನ್ನುವಂತಿಲ್ಲ, ಅದು ಮರದ ಚಕ್ಕೆಯಾಗಲಿ, ಕಂಪನಿಯ ಮಾತ್ರೆಯಾಗಲಿ.

ಅಡಿಕೆ ಬೆಳೆಯುವ ಕಡೆಯ ಅಡ್ಮಿನ್‌ಗಳಿಗೆ ಒಂದು ಮಾತು, ಕಹಿಯಾದರೂ ಹೇಳಲೇಬೇಕು. ಅಡಿಕೆಯಲ್ಲಿ ಕ್ಯಾನ್ಸರ್ ಗುಣಪಡಿಸುವ ಅಂಶವಿದೆ ಎಂಬ ಸಂದೇಶಗಳಿಗೆ ನಿಮ್ಮ ಗ್ರೂಪ್‌ಗಳಲ್ಲಿ ಸಿಗುವ ಸ್ವಾಗತದ ಹಿಂದೆ ಇರುವುದು ಬೆಲೆಯ ಆತಂಕ, ಸಾಲದ ಆತಂಕ. ಅದು ನಿಜವಾದ ಆತಂಕ. ಹಾಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿಲ್ಲದ ಎಲೆಯಡಿಕೆಯೂ ಆ ಗುಂಪಿನಲ್ಲೇ ಇದೆ. ಅಡಿಕೆ ಜಗಿಯುವವರ ಬಾಯೊಳಗಿನ ಚರ್ಮ ಬಿರುಸಾಗಿ, ಕ್ರಮೇಣ ಎರಡು ಬೆರಳೂ ಹೋಗದಷ್ಟು ಬಾಯಿ ಬಿಗಿದುಕೊಳ್ಳುವುದನ್ನು ಯಾವ ದಂತವೈದ್ಯರೂ ತೋರಿಸಬಲ್ಲರು. ಬೆಳೆಗಾರರ ಬದುಕಿಗೆ ಬೇರೆ ದಾರಿ ಕೇಳುವ ಹೋರಾಟ ನಡೆಯಲಿ. ಬಾಯಿಯಲ್ಲಿ ಬಿಳಿ ಮಚ್ಚೆ ಕಂಡ ಹುಡುಗನಿಗೆ ಅಡಿಕೆಯೇ ಮದ್ದು ಎಂದು ಹೇಳುವುದು ಬೇಡ.

ಲಸಿಕೆಯ ಮೇಲಿನ ಸುಳ್ಳುಗಳೂ ಅಷ್ಟೇ ನೋವಿನವು. ಗರ್ಭಕೊರಳಿನ ಕ್ಯಾನ್ಸರ್ ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಬಂತು, ಸುಮಾರು 80,000 ಮಂದಿ ತೀರಿಕೊಂಡರು. ಅದಕ್ಕೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗೆ ಲಸಿಕೆ ಇದೆ, 2023ರಿಂದ ಭಾರತದಲ್ಲೇ ತಯಾರಾದ ಸೆರ್ವಾವ್ಯಾಕ್ ಕೂಡ ಸಿಗುತ್ತಿದೆ. 12–13ನೇ ವಯಸ್ಸಿನಲ್ಲಿ ಲಸಿಕೆ ಸಿಕ್ಕ ಇಂಗ್ಲೆಂಡಿನ ಹುಡುಗಿಯರಲ್ಲಿ ಈ ಕ್ಯಾನ್ಸರ್ ಶೇ. 87ರಷ್ಟು ಇಳಿದಿದೆ ಎಂದು 2021ರಲ್ಲಿ ವರದಿಯಾಯಿತು. ‘ಲಸಿಕೆ ಹಾಕಿಸಿದರೆ ಮಕ್ಕಳಾಗುವುದಿಲ್ಲ’ ಎಂಬ ಒಂದು ಸಾಲಿಗೆ ಹೆದರಿ ಹಿಂದೆ ಸರಿದ ತಾಯಂದಿರ ಮುಂದೆ ಈ ಸಂಖ್ಯೆ ಇಡುವ ಕೆಲಸ ಗ್ರೂಪಿನಲ್ಲಿ ಆಗಬಹುದು.

ಸಂದೇಶ ಬಂದ ಕೂಡಲೇ ಏನು ಮಾಡುವುದು? ವಾಟ್ಸ್‌ಆ್ಯಪ್‌ನಲ್ಲಿ ಈಗ ಅಡ್ಮಿನ್ ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಸುಮ್ಮನೆ ಅಳಿಸಿದರೆ ಕಳಿಸಿದವರಿಗೆ ಅವಮಾನ, ಅಷ್ಟರಲ್ಲಿ ಓದಿದವರಿಗೆ ಉತ್ತರ ಸಿಗದು. ಅದರ ಕೆಳಗೇ ನಾಲ್ಕು ಸಾಲು ಬರೆಯಿರಿ: “ದೊಡ್ಡಪ್ಪ, ಒಳ್ಳೇ ಮನಸ್ಸಿನಿಂದ ಕಳಿಸಿದ್ದೀರಿ. ಇದು ಸುಳ್ಳು ಅಂತ ಟಾಟಾ ಆಸ್ಪತ್ರೆಯವರೇ 2019ರಲ್ಲಿ ಹೇಳಿದ್ದಾರೆ. ನಮ್ಮಲ್ಲಿ ಯಾರಾದರೂ ಇದನ್ನು ನೋಡಿ ಚಿಕಿತ್ಸೆ ನಿಲ್ಲಿಸಬಾರದು ಅಂತ ಹೇಳ್ತಿದ್ದೀನಿ. ಡಾಕ್ಟರ್ ಕೊಟ್ಟಿದ್ದನ್ನ ಬಿಡಬೇಡಿ.” ಇಷ್ಟು ಸಾಕು. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, ಮೊದಲು ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಯಾವ ಕ್ಯಾನ್ಸರ್, ಯಾವ ಹಂತ, ಜೊತೆಗೆ ಬೇರೇನು ಚಿಕಿತ್ಸೆ ನಡೆದಿತ್ತು ಎಂಬುದು ಇಲ್ಲದ ಸಂದೇಶವನ್ನು ಅಲ್ಲಿಯೇ ನಿಲ್ಲಿಸಿ. ಔಷಧ ಮಾರುವವರದಾದರೆ ಅದು ಅಪರಾಧವೂ ಹೌದು: ಕ್ಯಾನ್ಸರ್ ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ಸುಳ್ಳಿಗೆ ಉತ್ತರಿಸುವುದರ ಜೊತೆಗೆ ಒಂದಿಷ್ಟು ನಿಜವನ್ನೂ ಹಾಕಿ. ಡಾ. ಅನುಪಮಾ ನಿರಂಜನ ತಮ್ಮ ಕಾಲದಲ್ಲಿ ಮಾಡಿದ್ದು ಅದನ್ನೇ. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಪುಸ್ತಕಗಳಲ್ಲಿ ಅವರು ಮುಚ್ಚುಮರೆಯಿಲ್ಲದೆ, ಮನೆಮಾತಿನ ಕನ್ನಡದಲ್ಲಿ ವೈದ್ಯಕೀಯ ಹೇಳಿದರು. 1991ರಲ್ಲಿ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ನೀವು ಹಾಕಬಹುದಾದ ನಿಜಗಳು ಇವು: ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಮಲದಲ್ಲಿ ರಕ್ತ, ಬಿಡದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ಅದೇ ವಾರ ಡಾಕ್ಟರ ಬಳಿ ಹೋಗಬೇಕು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಹಣವಿಲ್ಲ ಎಂದು ಕಷಾಯದ ಮೊರೆ ಹೋಗುವ ಎಷ್ಟೋ ಮನೆಗಳಿಗೆ ಈ ಒಂದು ಸಾಲು ಗೊತ್ತಿರುವುದಿಲ್ಲ.

ಮತ್ತೆ, ಗ್ರೂಪಿನಿಂದ ರೋಗಿಗೆ ನಿಜವಾಗಿ ಆಗುವ ಸಹಾಯ ಬಹಳ ಇದೆ. ಕೀಮೋ ನಂತರ ಪ್ಲೇಟ್‌ಲೆಟ್ ಬೇಕೆಂದಾಗ ಒಂದು ಗಂಟೆಯಲ್ಲಿ ದಾನಿಗಳನ್ನು ಹುಡುಕಿಕೊಡುವುದು ನಿಮ್ಮ ಗ್ರೂಪ್‌ಗಳೇ. ರೇಡಿಯೇಶನ್‌ಗೆ, ನಮ್ಮ ಜನ ‘ಕರೆಂಟ್ ಕೊಡೋದು’ ಎನ್ನುತ್ತಾರಲ್ಲ, ವಾರಕ್ಕೆ ಐದು ದಿನ, ಐದಾರು ವಾರ ಓಡಾಡಬೇಕಾಗುತ್ತದೆ. ಕರೆದೊಯ್ಯುವವರು ಯಾರು, ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಬೆಂಗಳೂರಿನಲ್ಲಿ ಉಳಿಯಲು ಕೋಣೆ ಕೊಡುವವರು ಯಾರು, ಯಾರ ರಕ್ತದ ಗುಂಪು ಯಾವುದು? ಈ ನಾಲ್ಕು ಪ್ರಶ್ನೆಗಳನ್ನು ಗ್ರೂಪಿಗೆ ಹಾಕಿ, ಬಂದ ಹೆಸರುಗಳ ಪಟ್ಟಿಯನ್ನು ಮೇಲೆ ಪಿನ್ ಮಾಡಿ ಇಟ್ಟುಬಿಡಿ.

ವಿಶ್ವಾಸದೊಂದಿಗೆ,
ಕನ್ನಡದ ಒಬ್ಬ ಬರಹಗಾರ